ಕಾಣದಿದ್ದವರನ್ನು ವಿಚಾರಿಸಿರಿ



ಪ್ರವಾದಿವರ್ಯರ(ಸ) ಮಸೀದಿಯಲ್ಲಿ ಕಸ ಗುಡಿಸುತ್ತಿದ್ದ ಮಹಿಳೆಯೊಬ್ಬರಿದ್ದರು. ಅವರು ಕಾಣಿಸದಿದ್ದಾಗ ಪ್ರವಾದಿ(ಸ) ಅವರ ಬಗ್ಗೆ ವಿಚಾರಿಸಿದರು. ಅವರು ತೀರಿಕೊಂಡರೆಂದು ಸಹಾಬಿಗಳು ತಿಳಿಸಿದರು. ಅದನ್ನು ಸಣ್ಣ ಸಂಗತಿಯೆಂದು ಭಾವಿಸಿ ಅವರು ಸುದ್ದಿ ಮುಟ್ಟಿಸಿರಲಿಲ್ಲ. ತನಗೇಕೆ ತಿಳಿಸಲಿಲ್ಲವೆಂದು ಕೇಳಿದ ಪ್ರವಾದಿ(ಸ) ಆಕೆಯ ಗೋರಿಯ ಬಳಿಗೆ ಹೋಗಿ ನಮಾಝ್ ನಿರ್ವಹಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಘಟನೆ ವರದಿಯಾಗಿದೆ.

ಈಗ ನಮ್ಮ ಲಕ್ಷ್ಮೇಶ್ವರವನ್ನೇ ನೋಡಿರಿ. ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿಯಲ್ಲಾಗಲಿ, ಓಣಿಯ ಸಣ್ಣ ಮಸೀದಿಯಲ್ಲಾಗಲಿ ದಿನಾಲೂ ಬರುವ ಹಿರಿಯರು ಎರಡು ದಿನ ಸಫ್‌ನಲ್ಲಿ ಕಾಣದಿದ್ದರೆ, 'ಚಾಚಾ ಎಲ್ಲಿ?' ಎಂದು ಯಾರಾದರೂ ಕೇಳುತ್ತಾರೆ. ಅವರದೇ ವಯಸ್ಸಿನ ದಾದಿಮಾ ಒಳಕೋಣೆಯಲ್ಲಿ ಒಬ್ಬರೇ ಐದು ಹೊತ್ತು ನಮಾಝ್ ಮಾಡುತ್ತಾರೆ. ಅವರು ಒಂದು ದಿನ ಹಾಸಿಗೆ ಬಿಟ್ಟು ಏಳದಿದ್ದರೆ ಕೇಳುವವರು ಯಾರು?

ಪತಿ ತೀರಿಕೊಂಡಿರುತ್ತಾರೆ. ಮಗ ಹುಬ್ಬಳ್ಳಿಗೋ ಗೋವಾಕ್ಕೋ ದುಡಿಯಲು ಹೋಗಿರುತ್ತಾನೆ. ಮೊಮ್ಮಕ್ಕಳ ಕಣ್ಣು ಮೊಬೈಲಿನಲ್ಲಿ. ಹೊತ್ತಿಗೆ ರೊಟ್ಟಿ ಸಿಗುತ್ತದೆ, ಮಾತು ಸಿಗುವುದಿಲ್ಲ. ವಿಧವೆಯ ಇದ್ದತ್ ನಾಲ್ಕು ತಿಂಗಳು ಹತ್ತು ದಿನವೆಂದು ಅಲ್ಲಾಹನು ನಿಶ್ಚಯಿಸಿದ್ದಾನೆ. ಎಷ್ಟೋ ಮನೆಗಳಲ್ಲಿ ಅದು ಸಾಯುವವರೆಗೂ ಮುಗಿಯುವುದಿಲ್ಲ. ಶರೀಅತ್ ತೆರೆದಿಟ್ಟ ಬಾಗಿಲನ್ನು ಮುಚ್ಚುವ ಅಧಿಕಾರ ನಮಗೆ ಯಾರು ಕೊಟ್ಟರು?

ಕ್ರಮೇಣ ಆಕೆಗೆ ನಿದ್ದೆ ಬಾರದು, ಊಟ ಸೇರದು, ತಲೆ ಬಾಚಿಕೊಳ್ಳಲೂ ಮನಸ್ಸಾಗದು. 'ಅಲ್ಲಾಹ್ ನನ್ನನ್ನೇಕೆ ಕರೆದುಕೊಳ್ಳುವುದಿಲ್ಲ' ಎಂದು ನಿಟ್ಟುಸಿರು ಬಿಡುತ್ತಾರೆ. ಕೆಲವರು ಅದನ್ನು ವಯಸ್ಸಿನ ಗುಣವೆನ್ನುತ್ತಾರೆ, ಕೆಲವರು ಈಮಾನಿನ ಕೊರತೆಯೆನ್ನುತ್ತಾರೆ. ಮಗನ ಅಗಲಿಕೆಯ ದುಃಖದಿಂದ ಹ. ಯಾಕೂಬ್(ಅ)ರ ಕಣ್ಣುಗಳು ಬೆಳ್ಳಗಾದುವೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ (ಯೂಸುಫ್: 84). ಪ್ರವಾದಿಯೊಬ್ಬರ ದುಃಖವನ್ನು ಈಮಾನಿನ ಕೊರತೆ ಎನ್ನಲಾದೀತೇ? ಮುಪ್ಪೊಂದನ್ನು ಬಿಟ್ಟು ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದು ಇರಿಸಿದ್ದಾನೆ, ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಖಿನ್ನತೆಯು ಮುಪ್ಪಲ್ಲ, ಚಿಕಿತ್ಸೆಯಿರುವ ರೋಗ. ಇಂತಹ ಸ್ಥಿತಿ ಎರಡು ವಾರ ಮುಂದುವರಿದರೆ ವೈದ್ಯರಿಗೆ ತೋರಿಸಿರಿ. ಸಾವಿನ ಮಾತು ಬಂದರೆ ಒಂದು ದಿನವೂ ಕಾಯದಿರಿ. ಧಾರವಾಡದಲ್ಲಿ ಸರಕಾರದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆದರೆ ಮದ್ದಿನಿಂದ ಮಾತ್ರ ಒಂಟಿತನ ನೀಗದು. ಪ್ರವಾದಿವರ್ಯರನ್ನು(ಸ) ಎಳೆತನದಲ್ಲಿ ಸಲಹಿದ್ದ ಹ. ಉಮ್ಮು ಐಮನ್(ರ)ರನ್ನು ಅವರು ಆಗಾಗ ಭೇಟಿಯಾಗುತ್ತಿದ್ದರು. ಅವರ ವಿಯೋಗದ ಬಳಿಕ ಹ. ಅಬೂಬಕರ್(ರ) ಮತ್ತು ಹ. ಉಮರ್(ರ) ಆ ವಾಡಿಕೆಯನ್ನು ಮುಂದುವರಿಸುತ್ತಾ ಆಕೆಯ ಮನೆಗೆ ಹೋದರು. ದಿವ್ಯವಾಣಿ ನಿಂತುಹೋಯಿತಲ್ಲಾ ಎಂದು ಆಕೆ ಅತ್ತಾಗ ಅವರಿಬ್ಬರೂ ಜೊತೆಯಲ್ಲಿ ಕುಳಿತು ಅತ್ತರು. ರಾಜ್ಯಭಾರ ಹೊತ್ತ ಖಲೀಫರಿಗೆ ಬಿಡುವು ಸಿಕ್ಕಿತು. ನಮಗೇಕೆ ಸಿಗದು?

ಈ ಶುಕ್ರವಾರ ಜುಮಾ ಮುಗಿಸಿ ಓಣಿಯ ಒಬ್ಬ ಹಿರಿಯ ತಾಯಿಯ ಮನೆಗೆ ಪತ್ನಿ, ಮಕ್ಕಳೊಂದಿಗೆ ಹೋಗಿರಿ. ಉಪದೇಶ ಮಾಡದೆ ಅವರ ಮಾತು ಕೇಳಿರಿ. ಸಹೋದರಿಯರೇ, ನಿಮ್ಮ ಕುರ್‌ಆನ್ ತರಗತಿಗೆ ಅವರನ್ನು ಕೈಹಿಡಿದು ಕರೆತನ್ನಿರಿ. ಮಕ್ಕಳಿಗೆ ದುಆ ಕಲಿಸುವ ಕೆಲಸ ಅವರಿಗೆ ಒಪ್ಪಿಸಿರಿ. ಒಂಟಿಯಾಗಿರುವ ಮಹಿಳೆಯರ ಪಟ್ಟಿ ಪ್ರತಿಯೊಂದು ಜಮಾಅತ್‌ನಲ್ಲೂ ಇರಲಿ.

ಗೋರಿಯ ಬಳಿ ಹೋಗಿ ವಿಚಾರಿಸುವುದಕ್ಕಿಂತ ಮುಂಚೆ ಮನೆಯ ಬಾಗಿಲಲ್ಲಿ ವಿಚಾರಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.