ತಪ್ಪು ತೋರಿಸುವ ಬೆರಳು, ಹುಟ್ಟು ತೋರಿಸುವ ಬೆರಳು

ಕೆಲಸದ ಜಾಗದಲ್ಲಿ ಕಿರುಕುಳ ಎಂದರೆ ಯಾವುದು? ವೆಟ್ಟಿಬಿಟ್ಟಿ ಚಾಕರಿಯಲ್ಲಿ ತಲೆಮಾರುಗಳನ್ನೇ ಸವೆಸಿದ ನಮಗೆ ಈ ಪ್ರಶ್ನೆ ಸುಲಭದ್ದಲ್ಲ. ಬೈಸಿಕೊಳ್ಳುವುದೂ ದುಡಿಮೆಯ ಒಂದು ಪಾಲು ಎಂದೇ ನಮ್ಮನ್ನು ನಂಬಿಸಲಾಗಿತ್ತು. ಜಿಡಗಾದ ತೊಗರಿ ಹೊಲದಲ್ಲಿ ಬಾಗಿದ ಬೆನ್ನಿಗೂ, ಪಟ್ಟಣದ ಕಚೇರಿಯಲ್ಲಿ ಕಡತ ಹೊತ್ತ ಕೈಗೂ ಕಲಿಸಿದ ಪಾಠ ಒಂದೇ: "ತಡ್ಕೊ ತಮ್ಮಾ, ಹೊಟ್ಟಿಪಾಡದ."

ಸಂಗಾತಿಗಳೇ, ತಡೆದುಕೊಂಡದ್ದು ಒಪ್ಪಿಕೊಂಡಂತೆ ಅಲ್ಲ.

ಮೇಲಿನವನು ಕೆಲಸದ ತಪ್ಪು ತೋರಿಸಿದರೆ ಅದು ಉಸ್ತುವಾರಿ. ತಿದ್ದಿಕೊಂಡರೆ ಅಲ್ಲಿಗೆ ಮುಗಿಯಿತು. ಹುಟ್ಟು ತೋರಿಸಿದರೆ ಮುಗಿಯುವುದೇ ಇಲ್ಲ, ಯಾಕೆಂದರೆ ತಿದ್ದಲು ಅಲ್ಲಿ ತಪ್ಪೇ ಇಲ್ಲ. "ನಿಮ್ಮಂಥವ್ರಿಗಿ ನೌಕರಿ ಸಿಕ್ಕಿದ್ದೇ ಹೆಚ್ಚು" ಎಂಬ ಮಾತನ್ನು ಎಷ್ಟು ದುಡಿದು ಅಳಿಸುವುದು? "ಚಾಷ್ಟಿ ಮಾಡಿದ್ರ ಸಿಟ್ಟಾಗ್ತೀಯಲ್ಲೋ" ಎನ್ನುವವರನ್ನು ಒಂದೇ ಕೇಳೋಣ: ಅದೇ ಚಾಷ್ಟಿ ನಾವು ನಿಮಗ ಮಾಡಬಹುದೇನ್ರಿ?

ಅಮೆರಿಕದ ಕೊಲಂಬಿಯಾದಲ್ಲಿ ಓದಿ ಬಂದ ಅಂಬೇಡ್ಕರ್ 1917ರಲ್ಲಿ ಬರೋಡ ಸಂಸ್ಥಾನದ ನೌಕರಿಗೆ ಸೇರಿದರು. ಕೈಕೆಳಗಿನ ಜವಾನರು ಕಡತಗಳನ್ನು ದೂರದಿಂದ ಅವರ ಮೇಜಿಗೆ ಎಸೆಯುತ್ತಿದ್ದರು. ಕಚೇರಿಯಲ್ಲಿ ಕುಡಿಯಲು ನೀರೂ ಸಿಗಲಿಲ್ಲ. ಅಂದರೆ ಕಿರುಕುಳಕ್ಕೆ ಬೈಗುಳವೇ ಬೇಕೆಂದಿಲ್ಲ. ಅದು ಬರೀ ಮೇಲಿನಿಂದಲೇ ಬರುತ್ತದೆ ಎಂದೂ ಇಲ್ಲ. ಕಚೇರಿಯ ಏಣಿಗಿಂತ ಜಾತಿಯ ಏಣಿ ಹಳೆಯದು. ಕೊಡದ ನೀರು, ತೋರಿಸದ ಕುರ್ಚಿ, ಬೇಕೆಂತಲೇ ಹೇಳದೆ ಬಿಟ್ಟ ಸುದ್ದಿ ಇವೂ ಏಟುಗಳೇ.

ಕಾನೂನು ಏನು ಹೇಳುತ್ತದೆ? ಪರಿಶಿಷ್ಟರನ್ನು ಬೇಕೆಂತಲೇ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಆದರೆ ಅದು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ಬಾಗಿಲು ಮುಚ್ಚಿ ಬೈಯುವವನಿಗೆ ಇದು ಚೆನ್ನಾಗಿ ಗೊತ್ತು. ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ. ಹತ್ತು ಜನಕ್ಕಿಂತ ಕಡಿಮೆ ದುಡಿಯುವ ಕಡೆ, ಅಥವಾ ಮಾಲೀಕನೇ ಆರೋಪಿಯಾದ ಕಡೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ಹೊಲದಲ್ಲಿ ಕಳೆ ತೆಗೆಯುವ ಅಕ್ಕನಿಗೂ ಈ ಹಕ್ಕಿದೆ ಎಂದು ಯಾರು ಹೇಳಬೇಕು? ಓದಿದ ನಾವೇ.

ನಾಳೆ ನಾವೂ ಕುರ್ಚಿ ಏರುತ್ತೇವೆ. ಕಸ ಗುಡಿಸುವ ಹೆಣ್ಣುಮಗಳಿಗೆ ಏಕವಚನದಲ್ಲಿ ಗದರಿದರೆ ನಮ್ಮ ಬಂಡಾಯಕ್ಕೆ ಬೆಲೆಯೇನು? ಅಳೆಯುವ ಕೋಲು ನಮಗೂ ಅದೇ.

ನಮ್ಮ ಅವ್ವಂದಿರು ಹೆಬ್ಬೆಟ್ಟು ಒತ್ತಿದರು. ನಮ್ಮ ಕೈಯಲ್ಲಿ ಪೆನ್ನಿದೆ. ತಾರೀಖು, ಜಾಗ, ಆಡಿದ ಮಾತು, ಕೇಳಿದವರ ಹೆಸರು, ಎಲ್ಲವನ್ನೂ ಆಡಿದ ಭಾಷೆಯಲ್ಲೇ ಬರೆದಿಡೋಣ. ಆದರೆ ಬೈಸಿಕೊಂಡವನೊಬ್ಬನೇ ಬರೆದರೆ ಸಾಲದು. ಪಕ್ಕದ ಮೇಜಿನಲ್ಲಿ ಕೂತು ಕೇಳಿಸಿಕೊಂಡವನ ಮೇಲೂ ಹೊಣೆಯಿದೆ. ಅವನು ಎದ್ದು "ಹೌದ್ರಿ, ನಾ ಕೇಳೀನಿ" ಅನ್ನಬೇಕು.