ಉಂಡು ಮಲಗುವ ತನಕವೇ?

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮ ಹೆಗ್ಗಡದೇವನಕೋಟೆ ಸೀಮೆಯಲ್ಲಂತೂ ಇರಲಾರಳು. ಅಳುತ್ತ ತವರಿಗೆ ಬಂದ ಮಗಳನ್ನು ಇದೇ ಗಾದೆ ಹೇಳಿ ಬಸ್ಸು ಹತ್ತಿಸಿ ಕಳಿಸುತ್ತೇವೆ. ಪಕ್ಕದ ಮನೆಯಲ್ಲಿ ರಂಪವಾದರೆ ಇದೇ ಗಾದೆ ಹೇಳಿಕೊಂಡು ಕಿಟಕಿ ಮುಚ್ಚುತ್ತೇವೆ. ಕನ್ನಡ ಪಾಠ ಮಾಡುವ ನಾನು ಮಕ್ಕಳಿಗೆ ಗಾದೆಗಳನ್ನು ವಿಸ್ತರಿಸಿ ಬರೆಯಲು ಕೊಡುತ್ತಿರುತ್ತೇನೆ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಶುರುಮಾಡಿ ಎಲ್ಲರೂ ಒಂದೇ ಅಚ್ಚಿನಲ್ಲಿ ಬರೆದು ಮುಗಿಸುತ್ತಾರೆ. ಒಂದು ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಈ ಗಾದೆಯ ಕೆಳಗೆ ಒಂದೇ ಸಾಲು ಬರೆದಿದ್ದಳು: ‘ನಮ್ಮ ಮನೆಯಲ್ಲಿ ಉಂಡ ಮೇಲೆಯೇ ಶುರುವಾಗುತ್ತದೆ.’ ಇದಕ್ಕೆ ಎಷ್ಟು ಅಂಕ ಕೊಡುವುದೆಂದು ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಮಾರನೆಯ ದಿನ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾತಾಡಿದ್ದು ಬೇರೆ ಸಂಗತಿ. ಈ ಗಾದೆಯ ಬಗ್ಗೆ ನನ್ನ ಯೋಚನೆ ಹರಿದದ್ದು ಅಲ್ಲಿಂದ.

ಗಾದೆ ಹೇಳುವುದು ಜಗಳದ ಮಾತು. ಜಗಳಕ್ಕೆ ಇಬ್ಬರು ಬೇಕು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವನು ಅಂದರೆ, ಸಂತೆಗೆಂದು ಇಟ್ಟ ದುಡ್ಡು ಎಲ್ಲಿ ಹೋಯಿತೆಂದು ಇವಳು ಕೇಳುತ್ತಾಳೆ. ಇಬ್ಬರಿಗೂ ಬಾಯಿದೆ, ಇಬ್ಬರಿಗೂ ಸಿಟ್ಟಿದೆ. ಅಂಥಲ್ಲಿಗೆ ಮೂರನೆಯವರು ಹೋಗಬಾರದು, ನಿಜ. ಆದರೆ ಒಬ್ಬನ ಕೈ ಮೇಲೆದ್ದು, ಇನ್ನೊಬ್ಬಳು ತಲೆ ಮುಚ್ಚಿಕೊಂಡು ಮೂಲೆ ಸೇರಿದಾಗ ಅಲ್ಲಿ ಜಗಳವೆಲ್ಲಿದೆ? ಅದರ ಹೆಸರು ಹೊಡೆತ. ಹೊಡೆತಕ್ಕೆ ಜಗಳವೆಂದು ಹೆಸರಿಟ್ಟು ನಾವೆಲ್ಲ ಗಾದೆಯ ಮರೆಯಲ್ಲಿ ನಿಂತುಕೊಂಡಿದ್ದೇವೆ.

ಇದು ಎಲ್ಲೋ ಒಂದೆರಡು ಮನೆಯ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 44 ಮಂದಿ ಗಂಡನಿಂದ ದೈಹಿಕ ಇಲ್ಲವೆ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದಕ್ಕೆ ಹಿಂದಿನ, 2015-16ರ ಸಮೀಕ್ಷೆಯಲ್ಲಿ ಹಾಗೆ ಹೇಳಿದವರು ನೂರಕ್ಕೆ ಸುಮಾರು 21. ಇನ್ನೂ ನೋವಿನ ಮಾತೆಂದರೆ, ಒಂದಲ್ಲ ಒಂದು ಕಾರಣಕ್ಕೆ ಗಂಡ ಹೊಡೆದರೆ ತಪ್ಪಿಲ್ಲ ಎಂದ ಹೆಂಗಸರು ನಮ್ಮ ರಾಜ್ಯದಲ್ಲಿ ಮುಕ್ಕಾಲು ಪಾಲು. ಹೊಡೆಸಿಕೊಂಡವಳ ನೆರೆಯವಳೂ, ಅತ್ತೆಯೂ, ಕೆಲವೊಮ್ಮೆ ತಾಯಿಯೂ ಆ ಮುಕ್ಕಾಲು ಪಾಲಿನಲ್ಲಿ ಇರುತ್ತಾರೆ.

ನಮ್ಮದು ಸಾಲುಮನೆಗಳ ಬೀದಿ. ಆಚೆ ಮನೆಯ ಮಿಕ್ಸಿಯ ಸದ್ದು, ಮಗುವಿನ ಕೆಮ್ಮು ಎಲ್ಲ ಈಚೆ ಕೇಳುತ್ತದೆ. ಕೆಲವು ವರ್ಷಗಳ ಹಿಂದೆ ಸಂಸಾರವೊಂದು ಅಲ್ಲಿಗೆ ಬಾಡಿಗೆಗೆ ಬಂತು. ಗಂಡ ಎದುರಾದರೆ ‘ನಮಸ್ಕಾರ ಮೇಡಂ’ ಅನ್ನುವ ಮನುಷ್ಯ, ಕುಡಿತವೂ ಇಲ್ಲ. ಒಂದು ರಾತ್ರಿ ಒಂಬತ್ತರ ಮೇಲೆ ಗೋಡೆಗೆ ಏನೋ ಬಡಿದ ಸದ್ದು, ಹಿಂದೆಯೇ ಹೆಂಗಸಿನ ‘ಬೇಡ, ಬೇಡ’ ಎಂಬ ದನಿ. ಒಂದೊಂದೇ ಬಾಗಿಲು ತೆರೆಯಿತು. ಎಲ್ಲರೂ ಅವರವರ ಹೊಸ್ತಿಲಲ್ಲೇ ನಿಂತರು.

“ಬುಡವ್ವ, ನಾವ್ ಹೋದ್ರೆ ಅವಳ್ಗೆ ಇನ್ನೂ ನಾಕು ಬೀಳ್ತವೆ,” ಎಂದರು ಎದುರು ಮನೆಯ ಅಜ್ಜಿ.

ಆ ಮಾತನ್ನು ನಾನು ತಳ್ಳಿಹಾಕಲಾರೆ. ಬಿಡಿಸಲು ಬಂದವರ ಮೇಲಿನ ಸಿಟ್ಟನ್ನು ಬಾಗಿಲು ಹಾಕಿಕೊಂಡು ಹೆಂಡತಿಯ ಮೇಲೆ ತೀರಿಸಿಕೊಳ್ಳುವ ಗಂಡಸರಿದ್ದಾರೆ. ಅಜ್ಜಿ ಅದನ್ನು ಪುಸ್ತಕ ಓದಿ ತಿಳಿದವರಲ್ಲ. ಆದರೆ ನಾಳೆ ಬೀಳಬಹುದಾದ ಏಟಿಗೆ ಹೆದರಿ ಈಗ ಬೀಳುತ್ತಿರುವ ಏಟನ್ನು ಕೇಳಿಸಿಕೊಂಡು ನಿಲ್ಲುವುದು ಹೇಗೆ? ಹೋಗುವುದೋ ಬೇಡವೋ ಎಂಬುದಕ್ಕಿಂತ ಹೇಗೆ ಹೋಗುವುದು ಎಂದು ಕೇಳಿಕೊಳ್ಳಬೇಕೆಂದು ನನಗೆ ತೋರಿತು.

ನಾವು ಮೂವರು ಹೆಂಗಸರು ಒಂದು ಬಟ್ಟಲು ಹಿಡಿದು ಹೋದೆವು. ಬಾಗಿಲು ತಟ್ಟಿ, “ಹೆಪ್ಪಿಗೆ ಒಂಚೂರು ಮೊಸರು ಕೊಡಮ್ಮ,” ಎಂದೆ. ಅಷ್ಟು ಹೊತ್ತಿನಲ್ಲಿ ಒಂದು ಚಮಚ ಹೆಪ್ಪಿಗೆ ಮೂರು ಜನ ಬರುವುದಿಲ್ಲವೆಂದು ಅವನಿಗೂ ಗೊತ್ತು, ನಮಗೂ ಗೊತ್ತು. ಅವಳು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಮೊಸರು ತಂದಳು. ನಾವು ಅಲ್ಲೇ ಕೂತೆವು. ಮಕ್ಕಳ ಓದು, ನಲ್ಲಿ ನೀರಿನ ಗೋಳು ಎಂದು ಅರ್ಧ ಗಂಟೆ ಮಾತಾಡಿದೆವು. ಏಟಿನ ಮಾತನ್ನು ಎತ್ತಲೇ ಇಲ್ಲ. ಆ ರಾತ್ರಿ ಮತ್ತೆ ಸದ್ದಾಗಲಿಲ್ಲ.

ಇದೇನೂ ನಾವು ಕಂಡುಹಿಡಿದ ಉಪಾಯವಲ್ಲ. 2008ರಲ್ಲಿ ‘ಬ್ರೇಕ್‌ಥ್ರೂ’ ಎಂಬ ಸಂಸ್ಥೆ ‘ಬೆಲ್ ಬಜಾವೋ’, ಅಂದರೆ ಗಂಟೆ ಬಾರಿಸಿ, ಎಂಬ ಪ್ರಚಾರ ನಡೆಸಿತ್ತು. ಅದರ ಟಿ.ವಿ. ಜಾಹೀರಾತೊಂದರಲ್ಲಿ ಆಡುತ್ತಿದ್ದ ಹುಡುಗರು ಹೋಗಿ ಅಂಥ ಮನೆಯ ಗಂಟೆ ಒತ್ತಿ ಚೆಂಡು ಕೇಳುತ್ತಾರೆ; ಚೆಂಡು ಅವರ ಹತ್ತಿರವೇ ಇರುತ್ತದೆ.

ಕೆಲವು ದಿನಗಳ ಮೇಲೆ ನಲ್ಲಿಯ ಹತ್ತಿರ ಅವಳೇ ಹೇಳಿದಳು: “ನೀವು ಬಂದಿದ್ದಕ್ಕೆ ಅವತ್ತು ನಿಂತಿತು ಅಕ್ಕ. ಅವತ್ತು ಮಾತ್ರ.” ದೂರು ಕೊಡೋಣವೇ ಎಂದೆ. “ಬೇಡ ಅಕ್ಕ. ಸ್ಟೇಷನ್ನಿಗೆ ಹೋದರೂ ರಾತ್ರಿ ನಾನು ಇದೇ ಮನೆಗೆ ತಾನೆ ಬರಬೇಕು?”

ನಿಜವಾದ ಕಷ್ಟ ಇಲ್ಲಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯಿದೆ 2005ರಲ್ಲಿ ಬಂತು. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 4ನೇ ಕಲಮಿನ ಪ್ರಕಾರ ನೊಂದವಳೇ ಹೋಗಬೇಕೆಂದಿಲ್ಲ, ವಿಷಯ ತಿಳಿದ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಕೇಸೂ ನಿಲ್ಲದು. ನಮ್ಮ ತಾಲ್ಲೂಕುಗಳಲ್ಲಿ ಆ ಕೆಲಸ ನೋಡುವವರು ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿ ಟೀಚರನ್ನು ಕೇಳಿದರೆ ಆ ಆಫೀಸಿನ ದಾರಿ ಹೇಳುತ್ತಾರೆ. ಹೀಗೆ ಕಾನೂನು ನನಗೆ ಅಪ್ಪಣೆ ಕೊಟ್ಟಿತ್ತು, ಅವಳು ಕೊಟ್ಟಿರಲಿಲ್ಲ. ನಾನು ಯಾರ ಮಾತು ಕೇಳಬೇಕು?

ಬಹಳ ಯೋಚಿಸಿದ ಮೇಲೆ ನನಗೆ ಅನ್ನಿಸಿದ್ದು, ನಾವು ಎರಡು ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದೇವೆ ಎಂದು. ಏಟು ನಿಲ್ಲಿಸುವುದು ಒಂದು. ಆ ಸಂಸಾರದಲ್ಲಿ ಇರಬೇಕೋ ಬಿಡಬೇಕೋ, ದೂರು ಕೊಡಬೇಕೋ ಬೇಡವೋ ಎಂಬುದು ಇನ್ನೊಂದು. ಎರಡನೆಯದು ನಮ್ಮದಲ್ಲ ಎಂಬ ಕಾರಣಕ್ಕೆ ಮೊದಲನೆಯದನ್ನೂ ಕೈಬಿಡುತ್ತೇವೆ. ಏಟು ತಪ್ಪಿಸಲು ಯಾರ ಅಪ್ಪಣೆಯೂ ಬೇಡ. ಕಾಡಂಚಿನ ನಮ್ಮ ಊರುಗಳಲ್ಲಿ ಆನೆ ನುಗ್ಗಿದರೆ ಇದು ಯಾರ ಹೊಲ ಎಂದು ಯಾರೂ ಕೇಳುವುದಿಲ್ಲ. ತಮಟೆ, ಪಂಜು ಹಿಡಿದು ಊರೇ ಏಳುತ್ತದೆ. ಬೆಳಗಾದ ಮೇಲೆ ಆ ಹೊಲಕ್ಕೆ ರಾಗಿ ಹಾಕಬೇಕೋ ಹತ್ತಿ ಹಾಕಬೇಕೋ ಎಂದು ಹೇಳಲು ಮಾತ್ರ ಯಾರೂ ಹೋಗುವುದಿಲ್ಲ. ಇದೂ ಹಾಗೆಯೇ. ಅವಳನ್ನು ಕೇಳದೆ ಅವಳ ಬಾಳನ್ನು ತೀರ್ಮಾನಿಸುವವನು ಒಬ್ಬ ಆಗಲೇ ಆ ಮನೆಯಲ್ಲಿದ್ದಾನೆ. ಎರಡನೆಯವಳು ನಾನಾಗಬಾರದು.

ಇದಕ್ಕೂ ಒಂದು ಮಿತಿ ಉಂಟು. ಕತ್ತಿ, ಸೀಮೆಎಣ್ಣೆ, ಕುತ್ತಿಗೆಗೆ ಹಾಕಿದ ಕೈ, ಮಗುವಿನ ಮೇಲೆ ಬಿದ್ದ ಏಟು ಇವು ಕಂಡರೆ ಕೇಳುತ್ತ ಕೂರುವಂತಿಲ್ಲ. ಆಗ 112ಕ್ಕೆ ಫೋನು ಮಾಡಿಯೇ ಮಿಕ್ಕ ಮಾತು. ಜೀವ ಉಳಿದರೆ ತಾನೆ ಅವಳು ತೀರ್ಮಾನ ಮಾಡುವುದು?

ಉಳಿದ ದಿನಗಳಲ್ಲಿ ನಾನು ಮಾಡಿದ್ದು ಇಷ್ಟೆ. ಅವಳಿಗೆ ಗೊತ್ತಿಲ್ಲದ್ದನ್ನು ಒಂದೊಂದಾಗಿ ಹೇಳಿದೆ. ಗಂಡನ ಹೆಸರಿನ ಮನೆಯಾದರೂ, ಬಾಡಿಗೆಯದಾದರೂ ಅಲ್ಲಿ ವಾಸ ಮಾಡುವ ಹಕ್ಕು ಹೆಂಡತಿಗಿದೆ. ಹೊಡೆಯಕೂಡದೆಂದು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ವಕೀಲರ ಫೀಸಿಲ್ಲ, ವರಮಾನವನ್ನೂ ಕೇಳುವುದಿಲ್ಲ. ಮಹಿಳಾ ಸಹಾಯವಾಣಿಯ ನಂಬರು 181. ಹೋಗು ಎಂದು ಒಮ್ಮೆಯೂ ಅನ್ನಲಿಲ್ಲ. ಸದ್ದಾದ ರಾತ್ರಿಗಳಲ್ಲಿ ಬಾಗಿಲು ತಟ್ಟುವುದನ್ನು ಬಿಡಲೂ ಇಲ್ಲ. ಬರಬರುತ್ತ ಎದುರು ಮನೆಯ ಅಜ್ಜಿಯೂ ಜೊತೆಗೆ ಬಂದರು. ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ತಾನಾಗಿ ಬಂದು, “ಆ ಆಫೀಸು ಎಷ್ಟೊತ್ತಿಗೆ ತೆಗೀತಾರೆ ಅಕ್ಕ?” ಎಂದಳು. ರಜೆ ಹಾಕಿ ಜೊತೆಗೆ ಹೋದೆ. ಮುಂದಿನದು ಅವಳ ಕಥೆ, ನಾನು ಬರೆಯುವಂಥದ್ದಲ್ಲ.

ಓದುವ ಅಕ್ಕತಂಗಿಯರಲ್ಲಿ ಒಂದೇ ಮಾತು. ಪಕ್ಕದ ಮನೆಯಿಂದ ಅಂಥ ಸದ್ದು ಬಂದರೆ, ನಿಮ್ಮ ಮನೆಯಲ್ಲಿ ಎಷ್ಟೇ ಮೊಸರಿದ್ದರೂ ಹೆಪ್ಪಿಗೆ ಹೋಗಿ. ಒಬ್ಬರೇ ಹೋಗಬೇಡಿ.