ಸಾಕ್ಷಿಯಿಲ್ಲದ ನೋವು

ಗಾಯವಿಲ್ಲ, ಊತವಿಲ್ಲ, ಜ್ವರವೂ ಇಲ್ಲ. ಸಂಜೆಯವರೆಗೆ ಬೀದಿಯಲ್ಲಿ ಓಡಿ ಆಡಿದ ಮಗು ನಡುರಾತ್ರಿ ಎದ್ದು "ಅಮ್ಮಾ, ಕಾಲು ನೋಯ್ತಾವೆ" ಎಂದು ಅಳುತ್ತದೆ. ಬೆಳಗಾದೊಡನೆ ಏನೂ ನಡೆದಿಲ್ಲವೆಂಬಂತೆ ಶಾಲೆಗೆ ಓಡುತ್ತದೆ. ಈ ನೋವಿಗೆ ಮಗುವಿನ ಮಾತನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಆ ಮಾತೊಂದನ್ನೇ ನಂಬಿ ಹಾಸಿಗೆಯಿಂದೇಳುವ ಹೊಣೆ ನಮಗಿದೆಯೇ?

ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಹೋಗಿ, ದಿನವಿಡೀ ಜನಸಂದಣಿಯಲ್ಲಿ ಓಡಾಡಿ ದಾವಣಗೆರೆಗೆ ಮರಳಿದ ರಾತ್ರಿ ನಿಮ್ಮ ಮನೆಯಲ್ಲೂ ಈ ಅಳು ಕೇಳಿದ್ದರೆ ಆಶ್ಚರ್ಯವಿಲ್ಲ. ಹೆಚ್ಚು ಓಡಾಡಿದ ದಿನದ ರಾತ್ರಿಯೇ ಇದು ಕಾಡುವುದುಂಟು. ಸಾಮಾನ್ಯವಾಗಿ 3ರಿಂದ 12 ವರ್ಷದ ಮಕ್ಕಳಲ್ಲಿ, ಎರಡೂ ಕಾಲುಗಳ ಮೀನಖಂಡ, ತೊಡೆಯ ಮುಂಭಾಗ, ಇಲ್ಲವೇ ಮೊಣಕಾಲಿನ ಹಿಂಬದಿಯಲ್ಲಿ ನೋವು ಕಾಣಿಸಿಕೊಳ್ಳುತ್ತದೆ.

"ಕಾಲು ಬೆಳೀತಾವೆ, ಸುಮ್ಮನೆ ಮಲಗು" ಎಂಬುದು ಹಿರಿಯರ ಸಮಾಧಾನ. 1823ರಲ್ಲಿ ಫ್ರಾನ್ಸಿನ ವೈದ್ಯ ಮಾರ್ಸೆಲ್ ದುಶಾಂಪ್ ಕೂಡ ಇದನ್ನು ಬೆಳವಣಿಗೆಗೇ ಜೋಡಿಸಿದರು; ಹೆಸರು ಇಂದಿಗೂ ಅದೇ ಉಳಿದಿದೆ. ಆದರೆ ಮಕ್ಕಳು ಅತಿ ವೇಗವಾಗಿ ಬೆಳೆಯುವುದು ಶೈಶವದಲ್ಲಿ ಮತ್ತು ಹದಿಹರೆಯದಲ್ಲಿ. ಈ ನೋವು ಬರುವುದೋ ನಡುವಿನ ನಿಧಾನದ ವರ್ಷಗಳಲ್ಲಿ. ನಿಜವಾದ ಕಾರಣ ವೈದ್ಯಲೋಕಕ್ಕೆ ಇನ್ನೂ ಖಚಿತವಾಗಿಲ್ಲ. ಹಾಗಾದರೆ ತಾಯಿ ಹೇಳಿದ್ದು ಸುಳ್ಳೇ? ಅಷ್ಟು ಕಠಿಣವಾಗಿ ನುಡಿಯಲು ನನಗೆ ಮನಸ್ಸಿಲ್ಲ. ಆದರೆ ಆ ಮಾತಿನ ಅಗತ್ಯವೂ ಇಲ್ಲ. ಕತ್ತಲಲ್ಲಿ ಅಳುವ ಮಗು ಕಾರಣ ಕೇಳುತ್ತಿಲ್ಲ. "ನೋವಾಗ್ತಿದೆ ಅಂತ ಗೊತ್ತು, ಕಂದಾ. ನಾನು ಇಲ್ಲೇ ಇದ್ದೇನೆ" ಎಂದರೆ ಸಾಕು, ಅದರಲ್ಲಿ ಸುಳ್ಳಿನ ಎಳೆಯೂ ಇಲ್ಲ.

ಯೋಬನ ಸ್ನೇಹಿತರನ್ನು ನೆನೆಯಿರಿ. ಏಳು ಹಗಲು ಏಳು ರಾತ್ರಿ ಅವರು ಮಾತಿಲ್ಲದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತಿದ್ದರು. ಅಲ್ಲಿಯವರೆಗೆ ಅವರು ಒಳ್ಳೆಯ ಸ್ನೇಹಿತರೇ. ನೋವಿಗೆ ಕಾರಣ ವಿವರಿಸತೊಡಗಿದ ಮೇಲಷ್ಟೇ ಅವರು ಅವನಿಗೆ ಭಾರವಾದರು.

"ಪ್ರತಿ ಸಲ ಎದ್ದರೆ ಮಗುವಿಗೆ ಅದೇ ರೂಢಿಯಾಗುವುದಿಲ್ಲವೇ?" ಎಂದು ನೀವು ಕೇಳಬಹುದು. ಬೆಳಗಿನ ಪಾಳಿಯ ಕೆಲಸಕ್ಕೆ ಹೋಗುವವರ ಮನೆಯಲ್ಲಿ ಇದು ಸೋಮಾರಿತನದ ಪ್ರಶ್ನೆಯಲ್ಲ. ಅರ್ಧ ಗಂಟೆಯ ನಿದ್ದೆಗೂ ಅಲ್ಲಿ ಬೆಲೆಯಿದೆ. ಆದರೆ ನೋವು ಅಪಾಯಕಾರಿಯಲ್ಲ ಎಂಬ ಅರಿವು ದೊಡ್ಡವರ ಆತಂಕವನ್ನು ಇಳಿಸುತ್ತದೆಯೇ ಹೊರತು ಮಗುವಿನ ನೋವನ್ನಲ್ಲ. ಕೆಲಸವೂ ದೊಡ್ಡದೇನಲ್ಲ: ಮೀನಖಂಡವನ್ನು ಮೃದುವಾಗಿ ನೀವುವುದು, ಬೆಚ್ಚನೆಯ ಬಟ್ಟೆಯಿಂದ ಶಾಖ ಕೊಡುವುದು. ಕಾಲಿನ ಸ್ನಾಯುಗಳನ್ನು ಪ್ರತಿದಿನ ಹಗುರವಾಗಿ ಎಳೆದು ಸಡಿಲಿಸುವ ವ್ಯಾಯಾಮವನ್ನು ತಂದೆತಾಯಿಯರೇ ಮಾಡಿಸಿದ ಮಕ್ಕಳಲ್ಲಿ ನೋವು ಬೇಗ ಕಡಿಮೆಯಾದದ್ದನ್ನು 1988ರ ಒಂದು ಅಧ್ಯಯನ ಕಂಡಿತು. ತಂದೆತಾಯಿಯರು ಎಂದೆ, ಗಮನಿಸಿ. ಎಣ್ಣೆ ಹಚ್ಚುವ ಕೈ ತಾಯಿಯದೇ ಆಗಬೇಕೆಂಬ ನಿಯಮ ಯಾವ ಶಾಸ್ತ್ರದಲ್ಲೂ ಇಲ್ಲ.

ಎಲ್ಲ ಕಾಲುನೋವೂ ಇದೇ ಅಲ್ಲ. ಒಂದೇ ಕಾಲಿನಲ್ಲಿ ಅಥವಾ ಒಂದೇ ಕಡೆ ಮರಳಿ ಮರಳಿ ಬರುವ ನೋವು, ಬೆಳಿಗ್ಗೆಯೂ ಉಳಿಯುವ ನೋವು, ಕುಂಟುವಿಕೆ, ಕೀಲಿನ ಊತ, ಜ್ವರ, ತೂಕ ಇಳಿಯುವುದು: ಇವುಗಳಲ್ಲಿ ಒಂದು ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಅಪರೂಪಕ್ಕಾದರೂ ರಕ್ತದ ಕ್ಯಾನ್ಸರ್‌ನಂಥ ಕಾಯಿಲೆ ಮೂಳೆನೋವಾಗಿಯೇ ಮೊದಲು ಕಾಣಿಸಿಕೊಳ್ಳುತ್ತದೆ. 1965ರಿಂದ ವೈದ್ಯಕೀಯ ಕಾಲೇಜು ಇರುವ ದಾವಣಗೆರೆ ಹರಿಹರದವರಿಗೂ ದೂರವಲ್ಲ.

ಆದರೆ ಇಂಥ ನೋವನ್ನು ವೈದ್ಯರು ಗುರುತಿಸಬೇಕಾದರೆ ಮಗು ಮೊದಲು ಬಾಯಿಬಿಡಬೇಕು. "ರಾತ್ರಿ ಎಂಥ ನಾಟಕ ಆಡಿದೆ!" ಎಂದು ಬೆಳಿಗ್ಗೆ ಅಕ್ಕ-ಅಣ್ಣಂದಿರ ಮುಂದೆ ಹಾಸ್ಯಕ್ಕೊಳಗಾದ ಮಗು ಮುಂದಿನ ಸಲ ಹೊದಿಕೆ ಕಚ್ಚಿಕೊಂಡು ಸುಮ್ಮನಿರುವುದನ್ನು ಕಲಿಯುತ್ತದೆ, ಆ ಸಲದ ನೋವು ಒಂದೇ ಕಾಲಿನಲ್ಲಿದ್ದರೂ.